ಮೂತ್ರಪಿಂಡದ ಉರಿಯೂತವೂ ಬಿ.ಪಿ.ಯೂ ಇರುವ ಗರ್ಭಿಣಿ ಆಸ್ಪಿರಿನ್ ತೆಗೆದುಕೊಳ್ಳಬಹುದೇ?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಇದು ಚೊಚ್ಚಲ ಬಸಿರು, ಇಂದಿಗೆ 11 ವಾರ 4 ದಿನ ತುಂಬಿದೆ. ನಾಲ್ಕು ವರ್ಷಗಳ ಹಿಂದೆ ಒಮ್ಮೆ ಗಂಟಲುನೋವು ಬಂದ ಮರುದಿನವೇ ಮೂತ್ರವು ಹಾಲು ಬೆರೆಸದ ಚಹಾದ ಬಣ್ಣಕ್ಕೆ ತಿರುಗಿತ್ತು. ಆಗ ಬಯಾಪ್ಸಿ ಮಾಡಿಸಿದ ಮೇಲೆ ಮೂತ್ರಪಿಂಡದಲ್ಲಿ ಐಜಿಎ ನೆಫ್ರೋಪತಿ ಎಂಬ ಉರಿಯೂತವಿದೆ ಎಂದು ಗೊತ್ತಾಯಿತು. ಅಂದಿನಿಂದ ಬಿ.ಪಿ.ಗೂ ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನಿಗೂ ಸೇರಿ ದಿನಕ್ಕೊಂದು ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಗರ್ಭ ನಿಂತಿದೆ ಎಂದು 6ನೆಯ ವಾರದಲ್ಲಿ ತಿಳಿದ ದಿನವೇ ವೈದ್ಯರು ಅದನ್ನು ನಿಲ್ಲಿಸಿ, ಲ್ಯಾಬೆಟಲಾಲ್ 100 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ನುಂಗಲು ಹೇಳಿದರು. ಕಳೆದ ವಾರ ನೋಡಿದಾಗ ಬಿ.ಪಿ. 136/86, ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ 0.8, 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್ 900 ಮಿ.ಗ್ರಾಂ. ಇತ್ತು.

ಅದೇ ಭೇಟಿಯಲ್ಲಿ ಸ್ತ್ರೀರೋಗ ತಜ್ಞೆಯವರು ಚೀಟಿಯ ಕೊನೆಯಲ್ಲಿ ‘ಆಸ್ಪಿರಿನ್ 150 ಮಿ.ಗ್ರಾಂ., ರಾತ್ರಿ, 12ನೆಯ ವಾರದಿಂದ’ ಎಂದು ಬರೆದುಕೊಟ್ಟಿದ್ದಾರೆ. ಮಾತ್ರೆಯನ್ನು ತಂದಾಗಿದೆ. ಆದರೆ ನಮ್ಮ ಅತ್ತೆಯವರು ಆ ಪಟ್ಟಿಯನ್ನು ನೋಡಿದೊಡನೆ, ‘ಇದು ನಮ್ಮ ಅಣ್ಣನಿಗೆ ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಮಾತ್ರೆ ಅಲ್ಲವೇ? ರಕ್ತ ತೆಳುವಾಗುವ ಮಾತ್ರೆಯನ್ನು ಬಸುರಿ ಹೆಂಗಸು ನುಂಗಿದರೆ ರಕ್ತಸ್ರಾವ ಆಗುವುದಿಲ್ಲವೇ?’ ಎಂದು ಕೇಳಿದರು. ಅವರು ನನ್ನನ್ನು ಮಗಳಂತೆ ನೋಡಿಕೊಳ್ಳುವವರು; ಅವರ ಭಯವನ್ನು ತಳ್ಳಿಹಾಕಲು ನನ್ನ ಬಳಿ ಉತ್ತರವಿರಲಿಲ್ಲ. ಇದರ ಜೊತೆಗೆ ನನ್ನದೇ ಆದ ಇನ್ನೊಂದು ಸಂದೇಹವಿದೆ. ನೋವಿನ ಮಾತ್ರೆಗಳನ್ನು ಎಂದೂ ಮುಟ್ಟಬಾರದು, ಅವು ಕಿಡ್ನಿಗೆ ಹಾನಿ ಮಾಡುತ್ತವೆ ಎಂದು ಮೂತ್ರಪಿಂಡ ತಜ್ಞರು ನಾಲ್ಕು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಆಸ್ಪಿರಿನ್ ಕೂಡ ಆ ಕುಟುಂಬಕ್ಕೆ ಸೇರಿದ್ದೇ ಅಲ್ಲವೇ? ಅವರನ್ನು ಕಾಣಲು ನನಗೆ ಸಿಕ್ಕಿರುವ ದಿನ ಇನ್ನೂ ಮೂರು ವಾರ ದೂರವಿದೆ. ಅಲ್ಲಿಯವರೆಗೆ ಕಾಯಬಹುದೇ, ಅಥವಾ ಈಗಲೇ ಆರಂಭಿಸಬೇಕೇ? ತಿಳಿದವರು ಕಾರಣಸಹಿತ ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.

ಉತ್ತರ 1: ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞೆ, ಹುಬ್ಬಳ್ಳಿ

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಸಮಯವೇ ಮುಖ್ಯ. ಮೂರು ವಾರ ಕಾಯಬೇಡಿ. ನಾಳೆಯೇ ನಿಮ್ಮ ಮೂತ್ರಪಿಂಡ ತಜ್ಞರ ಆಸ್ಪತ್ರೆಗೆ ಫೋನ್ ಮಾಡಿ, ಚೀಟಿಯಲ್ಲಿ ಬರೆದಿರುವುದನ್ನು ಓದಿ ಹೇಳಿ, ಅಡ್ಡಿ ಇದೆಯೇ ಎಂದು ಕೇಳಿ. ನನ್ನ ಅನುಭವದಲ್ಲಿ ನಿಮ್ಮಂಥವರ ವಿಷಯದಲ್ಲಿ ಅವರು ಅಡ್ಡಿ ಹೇಳುವುದು ತೀರಾ ಅಪರೂಪ. ಗರ್ಭಕ್ಕೆ ಮೊದಲೇ ಇದ್ದ ಬಿ.ಪಿ., ಮೂತ್ರಪಿಂಡದ ಕಾಯಿಲೆ, ಹಿಂದಿನ ಬಸಿರಿನಲ್ಲಿ ಬಂದ ಗರ್ಭನಂಜು, ಸಕ್ಕರೆ ಕಾಯಿಲೆ, ದೇಹದ ರಕ್ಷಣಾ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ, ಅವಳಿ ಗರ್ಭ, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಇಂಗ್ಲೆಂಡಿನ ಮಾರ್ಗಸೂಚಿಯ ಪಟ್ಟಿಯೂ ಬಹುಮಟ್ಟಿಗೆ ಇದೇ. ನಿಮ್ಮಲ್ಲಿ ಮೊದಲ ಎರಡೂ ಇವೆ. ನಿಮ್ಮ ವೈದ್ಯೆಯವರು ಬರೆದುಕೊಟ್ಟಿರುವುದು ಸರಿಯಾದ ಮಾತ್ರೆ, ಸರಿಯಾದ ವಾರದಲ್ಲಿ.

ವಾರದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮಗುವಿಗೆ ಅನ್ನ, ಉಸಿರು ಎರಡನ್ನೂ ಒದಗಿಸುವ ಮಾಸು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ, ಆ ಗೋಡೆಯೊಳಗೆ ಸುರುಳಿಸುರುಳಿಯಾಗಿ ಹರಿಯುವ ಸಣ್ಣ ರಕ್ತನಾಳಗಳನ್ನು ಅಗಲಗೊಳಿಸಿಕೊಳ್ಳುತ್ತದೆ. ನಾಟಿಗೆ ಮೊದಲು ರೈತರು ಗದ್ದೆಯ ಕಾಲುವೆಯ ಹೂಳು ತೆಗೆದು ಬಾಯಿ ಅಗಲ ಮಾಡುತ್ತಾರಲ್ಲ, ಹಾಗೆ. ಈ ಕೆಲಸ ಸುಮಾರು 20ನೆಯ ವಾರದ ಹೊತ್ತಿಗೆ ಮುಗಿದುಹೋಗುತ್ತದೆ. ಅದು ಅರೆಬರೆಯಾದಾಗ ಮಾಸಿಗೆ ರಕ್ತ ಸಾಲದೆ ಬರುತ್ತದೆ. ಬಳಲಿದ ಮಾಸು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಅವಳ ಮೈಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆಗಲೇ ಬಿ.ಪಿ. ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಯಕೃತ್ತು ಬಾಧೆಗೊಳ್ಳುವುದು, ಕೈಮೀರಿದರೆ ಫಿಟ್ಸ್ ಬರುವುದು. ಹಳಬರು ಗರ್ಭನಂಜು ಎನ್ನುತ್ತಿದ್ದುದು, ನಾವು ಪ್ರಿಎಕ್ಲಾಂಪ್ಸಿಯಾ ಎನ್ನುವುದು ಇದನ್ನೇ. ಏಳನೆಯ ತಿಂಗಳಲ್ಲಿ ಕಾಣಿಸಿಕೊಳ್ಳುವ ಈ ತೊಂದರೆಯ ಬೇರು ಮೂರನೆಯ, ನಾಲ್ಕನೆಯ ತಿಂಗಳಲ್ಲಿಯೇ ಇರುವುದರಿಂದ ಮಾತ್ರೆಯನ್ನೂ ಆಗಲೇ ಆರಂಭಿಸಬೇಕು. 12ರಿಂದ 16ನೆಯ ವಾರದೊಳಗೆ ಆರಂಭಿಸುವುದು ಉತ್ತಮ. ಏಳನೆಯ ತಿಂಗಳಲ್ಲಿ ಬಿ.ಪಿ. ಏರಿದ ಮೇಲೆ ‘ಈಗ ಆಸ್ಪಿರಿನ್ ಕೊಡಿ’ ಎಂದು ಕೇಳಿಕೊಂಡು ಬರುವವರಿಗೆ ಅದರಿಂದ ಉಪಯೋಗವಾಗುವುದಿಲ್ಲ ಎಂದು ಹೇಳಬೇಕಾಗಿ ಬಂದಾಗ ನನಗೆ ಬಹಳ ನೋವಾಗುತ್ತದೆ.

ಇನ್ನು ‘ರಕ್ತ ತೆಳುವಾಗುವುದು’ ಎಂಬ ಮಾತು. ಡೆಂಗಿಯ ಕಾರಣದಿಂದ ಪ್ಲೇಟ್ಲೆಟ್ ಎಂಬ ಪದ ಈಗ ಎಲ್ಲರಿಗೂ ಗೊತ್ತು. ಈ ಪ್ಲೇಟ್ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ರಕ್ತನಾಳವನ್ನು ಬಿಗಿಯುತ್ತದೆ, ಹೆಪ್ಪುಗಟ್ಟಿಸುತ್ತದೆ. ರಕ್ತನಾಳದ ಒಳಪದರ ತಯಾರಿಸುವ ಪ್ರೋಸ್ಟಾಸೈಕ್ಲಿನ್ ಇದಕ್ಕೆ ವಿರುದ್ಧವಾಗಿ ನಾಳವನ್ನು ಸಡಿಲಿಸುತ್ತದೆ. ಸಣ್ಣ ಪ್ರಮಾಣದ ಆಸ್ಪಿರಿನ್ ಮುಖ್ಯವಾಗಿ ಮೊದಲನೆಯದನ್ನು ತಗ್ಗಿಸಿ, ಎರಡನೆಯದನ್ನು ಬಹುಮಟ್ಟಿಗೆ ಉಳಿಸುತ್ತದೆ. ತಲೆನೋವಿಗೆ ನುಂಗುವ 300 ಮಿ.ಗ್ರಾಂ.ಗಿಂತ ಹೆಚ್ಚಿನ ಆಸ್ಪಿರಿನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ವಾರ್ಫರಿನ್‌ನಂಥ, ಆಗಾಗ ರಕ್ತಪರೀಕ್ಷೆ ಬೇಕಾಗುವ ಔಷಧಗಳ ಸಾಲಿಗೆ ಇದನ್ನು ಸೇರಿಸಬಾರದು. ಒಸಡಿನಿಂದ, ಮೂಗಿನಿಂದ ಸ್ವಲ್ಪ ರಕ್ತ ಒಸರಬಹುದು. ಹೆರಿಗೆಯ ಹೊತ್ತಿನಲ್ಲಿ ರಕ್ತಸ್ರಾವ ತುಸು ಹೆಚ್ಚಾಗಬಹುದೆಂದು ಕೆಲವು ಅಧ್ಯಯನಗಳು ಹೇಳಿವೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ನಮ್ಮಲ್ಲಿ ಅನೇಕರು 36ನೆಯ ವಾರಕ್ಕೆ ನಿಲ್ಲಿಸುತ್ತೇವೆ. ಹೆರಿಗೆಯ ವೇಳೆ ಬೆನ್ನಿಗೆ ಅರಿವಳಿಕೆ ಕೊಡಲು ಈ ಪ್ರಮಾಣ ಅಡ್ಡಿಯಲ್ಲ. ಆಸ್ಪಿರಿನ್ ತೆಗೆದುಕೊಂಡಾಗ ದಮ್ಮು ಕೆರಳುವವರು, ಅದರ ಅಲರ್ಜಿ ಇರುವವರು, ಹೊಟ್ಟೆಯಲ್ಲಿ ಹುಣ್ಣಿರುವವರು, ಪ್ಲೇಟ್ಲೆಟ್ ತೀರಾ ಕಡಿಮೆ ಇರುವವರು ಮಾತ್ರ ಮೊದಲೇ ಹೇಳಬೇಕು.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಫ್ರಾನ್ಸಿನ ವೈದ್ಯರು ಇಂಥದೇ ಹೆಚ್ಚು ಅಪಾಯದ ಗರ್ಭಿಣಿಯರಿಗೆ 150 ಮಿ.ಗ್ರಾಂ. ಆಸ್ಪಿರಿನ್ ಅನ್ನು ಇನ್ನೊಂದು ಔಷಧದೊಂದಿಗೆ ಕೊಟ್ಟು ಬಂದ ಫಲವನ್ನು 1985ರಲ್ಲಿಯೇ ಪ್ರಕಟಿಸಿದ್ದರು. ಅದಾದ ಮೇಲೆ 9,364 ಗರ್ಭಿಣಿಯರು ಭಾಗವಹಿಸಿದ ಕ್ಲಾಸ್ಪ್ ಎಂಬ ದೊಡ್ಡ ಪ್ರಯೋಗ 1994ರಲ್ಲಿ ಪ್ರಕಟವಾದಾಗ ಎಲ್ಲರಿಗೂ ನಿರಾಸೆಯಾಯಿತು: 60 ಮಿ.ಗ್ರಾಂ. ಕೊಟ್ಟರೂ ಖಚಿತವೆನ್ನುವಷ್ಟು ಲಾಭ ಕಾಣಲಿಲ್ಲ. ಆದರೆ ತಾಯಂದಿರಿಗಾಗಲಿ ಮಕ್ಕಳಿಗಾಗಲಿ ದೊಡ್ಡ ಹಾನಿಯೂ ಕಾಣಲಿಲ್ಲ ಎಂಬುದು ನಿಮ್ಮ ಅತ್ತೆಯವರಿಗೆ ಹೇಳಬೇಕಾದ ಮಾತು. ಕೊನೆಗೆ 2017ರಲ್ಲಿ ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್ ಅವರ ತಂಡ ನಡೆಸಿದ ಆಸ್ಪ್ರೆ ಪ್ರಯೋಗದಲ್ಲಿ 150 ಮಿ.ಗ್ರಾಂ. ಮಾತ್ರೆಯನ್ನು 11ರಿಂದ 14ನೆಯ ವಾರದೊಳಗೆ ಆರಂಭಿಸಿ 36ನೆಯ ವಾರದವರೆಗೆ ರಾತ್ರಿ ಮಲಗುವಾಗ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು. ದಿನ ತುಂಬಿದ ಮೇಲೆ ಬರುವ ನಂಜು ಮಾತ್ರ ಕಡಿಮೆಯಾಗಲಿಲ್ಲ. ಮಾತ್ರೆಯನ್ನು ಹತ್ತರಲ್ಲಿ ಒಂಬತ್ತು ದಿನವಾದರೂ ತಪ್ಪಿಸದೆ ನುಂಗಿದವರಿಗೆ ಲಾಭ ಹೆಚ್ಚು ಸಿಕ್ಕಿತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಹೊಂದುತ್ತದೆಯೇ ಎಂದು ಕೇಳುವವರಿಗೆ ಬೆಳಗಾವಿಯ ಉದಾಹರಣೆ ಇದೆ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, ಆರು ದೇಶಗಳ 11,976 ಚೊಚ್ಚಲ ಗರ್ಭಿಣಿಯರ ಪ್ರಯೋಗದಲ್ಲಿ ಬೆಳಗಾವಿ ಮತ್ತು ನಾಗಪುರದ ತಾಯಂದಿರೂ ಇದ್ದರು. ದಿನಕ್ಕೆ 81 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಅವಧಿಗೆ ಮೊದಲಿನ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿಯಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಈ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ್ದಾರೆ.

ಕೊನೆಯದಾಗಿ, ಆಸ್ಪಿರಿನ್ ಬಿ.ಪಿ.ಯ ಮಾತ್ರೆಯಲ್ಲ. ಅದನ್ನು ಆರಂಭಿಸಿದೆ ಎಂದು ಲ್ಯಾಬೆಟಲಾಲ್ ಬಿಡುವಂತಿಲ್ಲ, ಬಿ.ಪಿ. ನೋಡಿಸುವುದನ್ನು ಮುಂದೂಡುವಂತಿಲ್ಲ.

ಉತ್ತರ 2: ಇಬ್ಬರು ಮಕ್ಕಳ ತಾಯಿ, ದಾವಣಗೆರೆ

ತಂಗಿ, ನಾನು ವೈದ್ಯಳಲ್ಲ. ನನಗೆ ಮದುವೆಗೆ ಮೊದಲಿನಿಂದ ಲೂಪಸ್ ಇದೆ, ಅದು ಕಿಡ್ನಿಗೂ ತಾಗಿದೆ. ನನ್ನ ಎರಡು ಬಸಿರುಗಳ ಅನುಭವವನ್ನು ಮಾತ್ರ ಹೇಳುತ್ತೇನೆ.

ಮೊದಲ ಬಸಿರಿನಲ್ಲಿ ನನಗೆ ಯಾರೂ ಆಸ್ಪಿರಿನ್ ಬರೆದುಕೊಡಲಿಲ್ಲ. ನನಗೂ ಕೇಳಲು ಗೊತ್ತಿರಲಿಲ್ಲ. ಸೀಮಂತದ ದಿನ ಹಸಿರು ಬಳೆ ತೊಡಿಸಲು ಬಂದ ಬಳೆಗಾರ್ತಿ ನನ್ನ ಕೈಯನ್ನು ಹಿಡಿದು, ಬಳೆ ಮುಷ್ಟಿಯ ಮೇಲೆ ಏರದೆ ಎರಡು ಒಡೆದ ಮೇಲೆ, ‘ತಾಯೀ, ಇದು ಬಸುರಿಯ ಊತ ಅಲ್ಲ, ಮುಖವೂ ಊದಿದೆ, ಒಮ್ಮೆ ತೋರಿಸಿ’ ಎಂದಳು. ಬಸುರಿಗೆ ಕೈಕಾಲು ಊದುವುದು ಸಹಜ ಎಂದು ಮನೆಯವರೆಲ್ಲ ಅದುವರೆಗೆ ಸಮಾಧಾನ ಹೇಳುತ್ತಿದ್ದರು. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಬಿ.ಪಿ. 170/110 ಇತ್ತು, ಕಣ್ಣಿನ ಮುಂದೆ ಮಿಣುಕು ಹುಳಗಳು ಹಾರಿದಂತೆ ಕಾಣುತ್ತಿತ್ತು. ಫಿಟ್ಸ್ ಬಾರದಿರಲೆಂದು ಮೆಗ್ನೀಸಿಯಂ ಚುಚ್ಚುಮದ್ದು ಕೊಟ್ಟರು. ಪ್ರತಿ ಸಲವೂ ನರ್ಸ್ ಒಂದು ಚಿಕ್ಕ ಸುತ್ತಿಗೆಯಿಂದ ನನ್ನ ಮೊಣಕಾಲಿನ ಕೆಳಗೆ ತಟ್ಟಿ, ಕಾಲು ಚಿಮ್ಮುವುದನ್ನು ಕಂಡ ಮೇಲೆಯೇ ಮುಂದಿನ ಮದ್ದು ಕೊಡುತ್ತಿದ್ದರು. ಆ ರಾತ್ರಿಯ ನೆನಪಿನಲ್ಲಿ ಉಳಿದಿರುವುದು ಆ ಸುತ್ತಿಗೆ ಮತ್ತು ಮಗುವಿನ ಎದೆಬಡಿತದ ಸದ್ದು, ಅಷ್ಟೇ. 31ನೆಯ ವಾರಕ್ಕೆ ಹೆರಿಗೆ ಮಾಡಿಸಿದರು. ಮಗಳು 1 ಕೆ.ಜಿ. 150 ಗ್ರಾಂ ಇದ್ದಳು. 38 ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಈಗ ಎರಡನೆಯ ತರಗತಿಯಲ್ಲಿದ್ದಾಳೆ.

ಎರಡನೆಯ ಸಲ ಗರ್ಭ ನಿಲ್ಲುವ ಮೊದಲೇ ಕಿಡ್ನಿ ವೈದ್ಯರನ್ನೂ ಸ್ತ್ರೀರೋಗ ವೈದ್ಯೆಯವರನ್ನೂ ಕಂಡೆವು. ಗರ್ಭಿಣಿಗೆ ಸಲ್ಲದ ಮಾತ್ರೆಗಳನ್ನು ಬದಲಿಸಿ, ಕಾಯಿಲೆ ಆರು ತಿಂಗಳು ಹತೋಟಿಯಲ್ಲಿದ್ದ ಮೇಲೆ ಒಪ್ಪಿಗೆ ಕೊಟ್ಟರು. 12ನೆಯ ವಾರದಿಂದ ಪ್ರತಿ ರಾತ್ರಿ ಆಸ್ಪಿರಿನ್ ನುಂಗಿದೆ. ನಮ್ಮ ಅತ್ತೆಯೂ ಮೊದಲು ನಿಮ್ಮ ಅತ್ತೆಯವರಂತೆಯೇ ಹೆದರಿದ್ದರು. ಆದರೆ ಮೊದಲ ಹೆರಿಗೆಯ ರಾತ್ರಿ ಐಸಿಯು ಬಾಗಿಲಿನ ಹೊರಗೆ ಕುಳಿತಿದ್ದವರೂ ಅವರೇ ಆದ್ದರಿಂದ, ವೈದ್ಯರು ಕಾರಣ ಹೇಳಿದ ಮೇಲೆ ಊಟವಾದೊಡನೆ ನೀರಿನ ಲೋಟವನ್ನು ಮುಂದಿಟ್ಟು ನೆನಪಿಸುತ್ತಿದ್ದವರೂ ಅವರೇ ಆದರು. 37ನೆಯ ವಾರಕ್ಕೆ ಹೆರಿಗೆಯಾಯಿತು, ಮಗ 2 ಕೆ.ಜಿ. 600 ಗ್ರಾಂ ಇದ್ದ. ಇದು ಆ ಮಾತ್ರೆಯಿಂದಲೇ ಆಯಿತು ಎಂದು ನಾನು ಹೇಳಲಾರೆ. ಆ ಸಲ ಎಲ್ಲವನ್ನೂ ಮೊದಲಿಗಿಂತ ಚೆನ್ನಾಗಿ ನೋಡಿಕೊಂಡಿದ್ದರು. ಆದರೆ ಮೊದಲ ಸಲವೂ ಯಾರಾದರೂ ಹೇಳಿದ್ದರೆ ಎಂಬ ಕೊರಗು ಇನ್ನೂ ಹೋಗಿಲ್ಲ.

ಮರುಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಶಿಕ್ಷಕಿ

ಡಾಕ್ಟರೇ, ಅಕ್ಕಾ, ಇಬ್ಬರಿಗೂ ಕೃತಜ್ಞತೆಗಳು. ಎರಡೂ ಉತ್ತರಗಳನ್ನು ರಾತ್ರಿ ಅತ್ತೆಯವರಿಗೆ ಓದಿ ಹೇಳಿದೆ. ಬಳೆಗಾರ್ತಿಯ ಮಾತು ಬಂದಾಗ ಅವರು ನನ್ನ ಕೈಯನ್ನು ಹಿಡಿದು ನೋಡಿದರು. ಇನ್ನು ಕೆಲವು ಸಂದೇಹಗಳು ಉಳಿದಿವೆ. ನನ್ನ ಸಹೋದ್ಯೋಗಿಯೊಬ್ಬರಿಗೆ 75 ಮಿ.ಗ್ರಾಂ. ಮಾತ್ರ ಕೊಟ್ಟಿದ್ದರಂತೆ, ನನಗೆ 150 ಏಕೆ? ಆರು ವಾರದವರೆಗೆ ನುಂಗಿದ ಟೆಲ್ಮಿಸಾರ್ಟಾನ್‌ನಿಂದ ಮಗುವಿಗೆ ಏನಾದರೂ ಆಗಿರಬಹುದೇ? ಮತ್ತು ಈಗಾಗಲೇ ನನ್ನ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವಾಗ, ಮುಂದೆ ಗರ್ಭನಂಜು ಬಂದರೆ ಅದನ್ನು ಗುರುತಿಸುವುದು ಹೇಗೆ?

ಉತ್ತರ 3: ಮೂತ್ರಪಿಂಡ ತಜ್ಞ, ಮೈಸೂರು

ನಿಮ್ಮ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದದ್ದು. ಅದಕ್ಕೆ ಹೋಗುವ ಮೊದಲು ಉಳಿದವನ್ನು ಚಿಕ್ಕದಾಗಿ ಮುಗಿಸುತ್ತೇನೆ.

ನೋವಿನ ಮಾತ್ರೆ ಬೇಡವೆಂದು ನಿಮ್ಮ ವೈದ್ಯರು ಹೇಳಿದ್ದು ಸರಿ, ಮುಂದೆಯೂ ಅದನ್ನು ಪಾಲಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವು ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಕುಗ್ಗಿಸುತ್ತವೆ. 20ನೆಯ ವಾರದ ನಂತರ ಮಗುವಿನ ಮೂತ್ರಪಿಂಡವನ್ನೂ ಬಾಧಿಸಿ ಗರ್ಭದ ನೀರನ್ನು ಕಡಿಮೆ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿದಾಗ, ವೈದ್ಯರು ಹೇಳಿದ 81 ಮಿ.ಗ್ರಾಂ. ಆಸ್ಪಿರಿನ್ ಅನ್ನು ಆ ಎಚ್ಚರಿಕೆಯಿಂದ ಹೊರಗಿಟ್ಟಿತು. ಒಂದೇ ಕುಟುಂಬವಾದರೂ ಈ ಪ್ರಮಾಣದಲ್ಲಿ ಅದರ ನಡತೆ ಬೇರೆ. ಕ್ಲಾಸ್ಪ್ ಪ್ರಯೋಗದಲ್ಲಿ ಮೂತ್ರಪಿಂಡದ ಕಾಯಿಲೆ ಇದ್ದ ತಾಯಂದಿರನ್ನೂ ಸೇರಿಸಿಕೊಂಡಿದ್ದರು. ನಿಮಗೆ ಜ್ವರ, ಮೈಕೈನೋವು ಬಂದರೆ ಪ್ಯಾರಾಸಿಟಮಾಲ್ ಸಾಕು.

75 ಮತ್ತು 150ರ ನಡುವೆ ಜಗಳವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 75 ಎಂದಿದೆ, ಅಮೆರಿಕದವರು 81 ಎನ್ನುತ್ತಾರೆ, ಇಂಗ್ಲೆಂಡಿನ ಮಾರ್ಗಸೂಚಿ 75ರಿಂದ 150ರವರೆಗೆ ಎಂದು ಬಿಟ್ಟಿದೆ. ಆಸ್ಪ್ರೆಯ ನಂತರ ಹೆಚ್ಚು ಅಪಾಯವಿರುವವರಿಗೆ 150 ಕೊಡುವ ವೈದ್ಯರು ಹೆಚ್ಚಾಗಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆಸ್ಪ್ರೆಯ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಗರ್ಭಕ್ಕೆ ಮೊದಲೇ ಬಿ.ಪಿ. ಇದ್ದವರಲ್ಲಿ ಲಾಭ ಕಾಣಲಿಲ್ಲ. ಅಂಥವರು ಅದರಲ್ಲಿ ಸುಮಾರು ನೂರು ಮಂದಿ ಮಾತ್ರ ಇದ್ದುದರಿಂದ ಅದನ್ನೇ ತೀರ್ಪೆಂದು ಹಿಡಿಯಲಾಗದು. ಕಡಿಮೆ ಹಾನಿ, ಸಾಧ್ಯವಿರುವ ದೊಡ್ಡ ಲಾಭ, ಈ ಎರಡನ್ನು ತೂಗಿ ನಾವು ಕೊಡುತ್ತೇವೆ. ನಿಮ್ಮ ಪಾಲಿಗೆ ಈ ಮಾತ್ರೆ ಹಲವು ರಕ್ಷಣೆಗಳಲ್ಲಿ ಒಂದು, ಬಿ.ಪಿ.ಯ ಹತೋಟಿ ಅದಕ್ಕಿಂತ ಒಂದು ಕೈ ಮೇಲು ಎಂದೇ ನಾನು ತಿಳಿಯುತ್ತೇನೆ. 2022ರಲ್ಲಿ ಪ್ರಕಟವಾದ, 2,408 ಗರ್ಭಿಣಿಯರ ಅಮೆರಿಕದ ಪ್ರಯೋಗದಲ್ಲಿ ಬಿ.ಪಿ.ಯನ್ನು 140/90ರ ಕೆಳಗೆ ಇಟ್ಟವರಿಗೆ ಒಟ್ಟಾರೆ ತೊಂದರೆಗಳು ಶೇ. 37ರಿಂದ ಶೇ. 30ರ ಆಸುಪಾಸಿಗೆ ಇಳಿದವು, ಮಕ್ಕಳ ತೂಕವೂ ಕುಂದಲಿಲ್ಲ. ಇಂಗ್ಲೆಂಡಿನವರು 135/85ರ ಗುರಿ ಇಡುತ್ತಾರೆ. ನಿಮ್ಮ 136/86 ಅಂಚಿನಲ್ಲಿದೆ. ಲ್ಯಾಬೆಟಲಾಲ್ ಪ್ರಮಾಣವನ್ನು ಏರಿಸಲು ಬೇಕಾದಷ್ಟು ಅವಕಾಶವಿದೆ, ಕೇಳಿ.

ಟೆಲ್ಮಿಸಾರ್ಟಾನ್ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ತಪ್ಪಿತಸ್ಥ ಭಾವವನ್ನು ಬಿಡಿ. ಆ ಗುಂಪಿನ ಮಾತ್ರೆಗಳಿಂದ ಸ್ಪಷ್ಟವಾಗಿ ಗೊತ್ತಿರುವ ಹಾನಿ ನಾಲ್ಕನೆಯ ತಿಂಗಳ ನಂತರದ್ದು, ಮಗುವಿನ ಮೂತ್ರಪಿಂಡ ಕೆಲಸ ಆರಂಭಿಸಿದ ಮೇಲಿನದು. ನೀವು 6ನೆಯ ವಾರದಲ್ಲಿಯೇ ನಿಲ್ಲಿಸಿದ್ದೀರಿ. 18ರಿಂದ 20ನೆಯ ವಾರದಲ್ಲಿ ಮಗುವಿನ ಅಂಗಾಂಗಗಳ ಸ್ಕ್ಯಾನ್ ಮಾಡುವಾಗ ಈ ವಿಷಯವನ್ನು ಹೇಳಿದರೆ ಅವರು ಮೂತ್ರಪಿಂಡಗಳನ್ನು ವಿಶೇಷವಾಗಿ ನೋಡುತ್ತಾರೆ.

ಈಗ ಮೂರನೆಯದು. ಸಾಮಾನ್ಯ ಗರ್ಭಿಣಿಯಲ್ಲಿ 20ನೆಯ ವಾರದ ನಂತರ ಬಿ.ಪಿ. 140/90 ದಾಟಿ, 24 ಗಂಟೆಯಲ್ಲಿ 300 ಮಿ.ಗ್ರಾಂ. ಪ್ರೋಟೀನ್ ಹೋದರೆ ಗರ್ಭನಂಜು ಎನ್ನುತ್ತೇವೆ. ನಿಮ್ಮಲ್ಲಿ ಅದರ ಮೂರು ಪಟ್ಟು ಈಗಾಗಲೇ ಹೋಗುತ್ತಿದೆ, ಬಿ.ಪಿ.ಯೂ ಇದೆ. ಗರ್ಭ ಬೆಳೆದಂತೆ ಮೂತ್ರಪಿಂಡದ ರಕ್ತಸಂಚಾರ ಹೆಚ್ಚಿ, ನಂಜು ಇಲ್ಲದಿದ್ದರೂ ಪ್ರೋಟೀನ್ ಏರಬಹುದು. ಹಾಗಾಗಿ ಒಂದು ಅಂಕಿಯನ್ನು ನೋಡಿ ಹೇಳಲಾಗದು, ಏರುವ ಬಗೆಯನ್ನು ನೋಡಬೇಕು. ಇವತ್ತಿನ ನಿಮ್ಮ ಅಂಕಿಗಳು ಇದೇ ಕಾರಣಕ್ಕೆ ಬೆಲೆಬಾಳುತ್ತವೆ. ಪ್ರೋಟೀನ್ 900, ಕ್ರಿಯಾಟಿನಿನ್ 0.8, ಇವುಗಳ ಜೊತೆ ಪ್ಲೇಟ್ಲೆಟ್, ಯಕೃತ್ತಿನ ಪರೀಕ್ಷೆ, ಯೂರಿಕ್ ಆಸಿಡ್ ಅನ್ನೂ ಈಗಲೇ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕ್ರಿಯಾಟಿನಿನ್ ವಿಷಯದಲ್ಲಿ ಒಂದು ಎಚ್ಚರ: ಗರ್ಭಿಣಿಯ ಮೂತ್ರಪಿಂಡ ಎಂದಿಗಿಂತ ಒಂದೂವರೆ ಪಟ್ಟು ಸೋಸುವುದರಿಂದ ಕ್ರಿಯಾಟಿನಿನ್ ಇಳಿಯಬೇಕು. ಪ್ರಯೋಗಾಲಯದ ಹಾಳೆಯಲ್ಲಿ 1.0 ‘ಸರಿ’ ಎಂದೇ ಅಚ್ಚಾಗಿರುತ್ತದೆ, ಆದರೆ ಆರನೆಯ ತಿಂಗಳ ಬಸುರಿಗೆ ಅದು ಸರಿಯಲ್ಲ. ಬಸಿರಿಗೆ ಮೊದಲು ನಿಮ್ಮದು ಎಷ್ಟಿತ್ತು ಎಂಬುದನ್ನು ಹಳೆಯ ಕಡತದಿಂದ ಹುಡುಕಿ ಪಕ್ಕದಲ್ಲೇ ಬರೆದಿಡಿ.

20ನೆಯ ವಾರದ ನಂತರ ಹಠಾತ್ತನೆ ಬಿ.ಪಿ. ಏರಿದರೆ, ಪ್ಲೇಟ್ಲೆಟ್ ಇಳಿದರೆ, ಮಗುವಿನ ಬೆಳವಣಿಗೆ ಕುಂಠಿತವಾದರೆ ನಮ್ಮ ಅನುಮಾನ ನಂಜಿನ ಕಡೆ ವಾಲುತ್ತದೆ. ಮೂತ್ರದಲ್ಲಿ ರಕ್ತಕಣಗಳು ಹೆಚ್ಚಾಗಿ, ಉಳಿದದ್ದೆಲ್ಲ ಶಾಂತವಾಗಿದ್ದರೆ ಐಜಿಎ ಕಾಯಿಲೆಯೇ ಕೆರಳಿರಬಹುದು. ಮಾಸು ರಕ್ತಕ್ಕೆ ಬಿಡುವ ಎರಡು ವಸ್ತುಗಳ ಪ್ರಮಾಣವನ್ನು ಅಳೆಯುವ ಎಸ್‌ಎಫ್‌ಎಲ್‌ಟಿ-1, ಪಿಎಲ್‌ಜಿಎಫ್ ಎಂಬ ಪರೀಕ್ಷೆ ದೊಡ್ಡ ನಗರಗಳಲ್ಲಿ ಸಿಗುತ್ತದೆ. ಆ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರದಲ್ಲಿ ನಂಜು ಬರುವ ಸಂಭವ ತೀರಾ ಕಡಿಮೆ. ಗೊಂದಲ ಬಂದಾಗ ಅದು ನೆರವಾಗುತ್ತದೆ, ದುಬಾರಿಯಾದ್ದರಿಂದ ಎಲ್ಲರಿಗೂ ಬರೆಯುವುದಿಲ್ಲ. ದಾವಣಗೆರೆಯ ತಾಯಿ ಹೇಳಿದ ಮೆಗ್ನೀಸಿಯಂ ನಿಮಗೆ ಬೇಕಾಗುವ ಸಂದರ್ಭ ಬಂದರೆ, ಅದು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ನಿಮ್ಮ ಕಾಯಿಲೆಯ ವಿಷಯವನ್ನು ಹೆರಿಗೆ ಕೋಣೆಯವರಿಗೆ ಮೊದಲೇ ಹೇಳಿರಬೇಕು.

ಮನೆಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಳ್ಳಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತನಾಡದೆ ನೋಡಿ. 160/110 ಮುಟ್ಟಿದರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಬದಿಯ ನೋವು, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ, ಬೆಳಗಾಗಲಿ ಎಂದು ಕಾಯದೆ ಹೊರಡಿ.

ಉತ್ತರ 4: ಔಷಧ ಅಂಗಡಿಯ ಫಾರ್ಮಸಿಸ್ಟ್, ತುಮಕೂರು

ವೈದ್ಯರು ಎಲ್ಲವನ್ನೂ ಹೇಳಿದ್ದಾರೆ. ಅಂಗಡಿಯಲ್ಲಿ ದಿನವೂ ನೋಡುವ ಒಂದು ವಿಷಯವನ್ನು ಸೇರಿಸುತ್ತೇನೆ. ಇಕೋಸ್ಪ್ರಿನ್ ಎಂಬ ಹೆಸರಿನಲ್ಲಿಯೇ 75, 150 ಎಂಬ ಬರಿಯ ಆಸ್ಪಿರಿನ್ ಮಾತ್ರೆಗಳೂ ಇವೆ, ಹೆಸರಿನ ಮುಂದೆ ‘ಎವಿ’, ‘ಗೋಲ್ಡ್’ ಎಂದು ಸೇರಿಸಿದ ಕ್ಯಾಪ್ಸೂಲ್‌ಗಳೂ ಇವೆ. ಅವುಗಳಲ್ಲಿ ಕೊಲೆಸ್ಟರಾಲ್ ಇಳಿಸುವ ಔಷಧವೂ ಸೇರಿರುತ್ತದೆ. ಅವು ಹೃದ್ರೋಗಿಗಳಿಗೆ, ಗರ್ಭಿಣಿಯರಿಗಲ್ಲ. ನಿಮ್ಮ ಅತ್ತೆಯವರ ಅಣ್ಣನ ಡಬ್ಬಿಯಲ್ಲಿರುವುದು ಅಂಥದೇ ಇರಬಹುದು, ಆದ್ದರಿಂದ ಮಾತ್ರೆ ಮುಗಿದ ದಿನ ಮನೆಯಲ್ಲಿದ್ದ ಇನ್ನೊಬ್ಬರದನ್ನು ತೆಗೆದುಕೊಳ್ಳಬೇಡಿ. ಚೀಟಿಯನ್ನು ತೋರಿಸಿ, ಪಟ್ಟಿಯ ಹಿಂದೆ ‘ಆಸ್ಪಿರಿನ್’ ಒಂದೇ ಬರೆದಿದೆಯೇ ಎಂದು ನೋಡಿ ಕೊಳ್ಳಿ. ಹೊಟ್ಟೆಯನ್ನು ಕಾಪಾಡಲು ಮೇಲೆ ಲೇಪನವಿರುವುದರಿಂದ ಜಗಿಯಬೇಡಿ, ಪುಡಿ ಮಾಡಬೇಡಿ. ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗುವ ಅಗತ್ಯವಿಲ್ಲ.

ಮತ್ತೆ: ಶಿವಮೊಗ್ಗ ಜಿಲ್ಲೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೂತ್ರಪಿಂಡ ತಜ್ಞರಿಗೆ ಫೋನ್ ಮಾಡಿದೆ. ಆಸ್ಪಿರಿನ್ ಆರಂಭಿಸಲು ಒಪ್ಪಿದರು, ಲ್ಯಾಬೆಟಲಾಲ್ ಅನ್ನು ದಿನಕ್ಕೆ ಮೂರು ಬಾರಿಗೆ ಏರಿಸಿದರು. ಹಳೆಯ ಕಡತದಲ್ಲಿ ಬಸಿರಿಗೆ ಮೊದಲಿನ ಕ್ರಿಯಾಟಿನಿನ್ 1.0 ಎಂದಿತ್ತು, ಅಂದರೆ ಇಳಿದಿದೆ. ಕಳೆದ ಶುಕ್ರವಾರ 12 ವಾರ ತುಂಬಿತು, ಅಂದು ರಾತ್ರಿ ಮೊದಲ ಮಾತ್ರೆ ನುಂಗಿದೆ. ಪಟ್ಟಿಯಲ್ಲಿ 14 ಮಾತ್ರೆಗಳಿದ್ದುದರಿಂದ ಪ್ರತಿಯೊಂದರ ಹಿಂದೆಯೂ ಪೆನ್ನಿನಿಂದ ತಾರೀಖು ಬರೆದಿದ್ದೇನೆ.

ಏಳನೆಯ ತಿಂಗಳಲ್ಲಿ ಬಾಣಂತನಕ್ಕೆ ಸಾಗರದ ತವರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಆಗ ವೈದ್ಯರು ಬದಲಾಗುತ್ತಾರೆ, ಹೊಸಬರಿಗೆ ಹಳೆಯ ಅಂಕಿಗಳು ಗೊತ್ತಿರುವುದಿಲ್ಲ ಎಂಬುದು ಈ ಉತ್ತರಗಳನ್ನು ಓದಿದ ಮೇಲೆ ಹೊಳೆಯಿತು. ಹೆರಿಗೆಯವರೆಗೆ ಇಲ್ಲೇ ಇರುವುದು, ಅಮ್ಮನೇ ಇಲ್ಲಿಗೆ ಬರುವುದು ಎಂದು ನಿನ್ನೆ ಎರಡೂ ಮನೆಯವರು ಕೂಡಿ ತೀರ್ಮಾನಿಸಿದರು. ಆ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿ ಒಪ್ಪಿಸಿದವರು ನಮ್ಮ ಅತ್ತೆಯವರು.